32 ವಾರಕ್ಕೆ ಮಗು ತೂಕ ಕಡಿಮೆ ಅಂತ ರಿಪೋರ್ಟ್ ಬಂದಿದೆ, ಗೊತ್ತಿರುವವರು ಹೇಳಿ

ಜಗಳೂರು ಸೊಸೆ
ಎಲ್ಲರಿಗೂ ನಮಸ್ಕಾರ. ನನಗಿದು ಮೊದಲನೇ ಬಸುರು. ಊರು ಜಗಳೂರು ಹತ್ತಿರ. ನಿನ್ನೆ ದಾವಣಗೆರೆಗೆ ಹೋಗಿ ಗ್ರೋತ್ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. 32 ವಾರ, ಅಂದಾಜು ತೂಕ 1,510 ಗ್ರಾಂ, 4ನೇ ಪರ್ಸೆಂಟೈಲ್ ಅಂತ ಬರೆದಿದ್ದಾರೆ. ತಲೆ ಅಳತೆ ಸರಿ ಇದೆ, ಹೊಟ್ಟೆ ಸುತ್ತಳತೆ ಕಡಿಮೆ. ಕೊನೆಯಲ್ಲಿ 'ಎಫ್‌ಜಿಆರ್' (ಮಗುವಿನ ಬೆಳವಣಿಗೆ ಕುಂಠಿತ) ಅಂತ ದಪ್ಪ ಅಕ್ಷರದಲ್ಲಿದೆ. ಡಾಕ್ಟರು ಎರಡು ವಾರ ಬಿಟ್ಟು ಬನ್ನಿ, ಮಗು ಆಡೋದನ್ನ ಗಮನಿಸ್ತಾ ಇರಿ ಅಂದರು. ಹೊರಗೆ ಅಷ್ಟು ಜನ ಕೂತಿದ್ದರು, ಏನೂ ಕೇಳೋಕೆ ಆಗಲಿಲ್ಲ.

ಮನೆಗೆ ಬಂದಾಗಿನಿಂದ ಅತ್ತೆಯವರದ್ದು ಒಂದೇ ಮಾತು. 'ನೀನು ಸರಿಯಾಗಿ ಉಣ್ಣಲ್ಲ, ಅದಕ್ಕೇ ಮಗು ಬೆಳೆದಿಲ್ಲ.' ನಾನು ಎರಡು ಹೊತ್ತು ಮುದ್ದೆ, ಒಂದು ಹೊತ್ತು ರೊಟ್ಟಿ ತಿಂತೀನಿ. ಹಾಲು ಮಾತ್ರ ಸೇರಲ್ಲ. ಬಿಪಿ 130/84, ಹಿಮೋಗ್ಲೋಬಿನ್ 9.4. ಕುಬಸ ಆಗಿದೆ, ಮುಂದಿನ ವಾರ ತವರಿಗೆ ಹೋಗಬೇಕು. ತವರು ಮೊಳಕಾಲ್ಮೂರು ಕಡೆ ಹಳ್ಳಿ. ಹೋಗಬಹುದಾ? ನಿಜವಾಗಲೂ ಇದು ನನ್ನ ಊಟದಿಂದ ಆಗಿದ್ದಾ?

ಹರಿಹರದ ಅಮ್ಮ
ಹೆದರಬೇಡಮ್ಮ. ನಮ್ಮ ನಾದಿನಿಗೂ ಹೀಗೇ ಹೇಳಿದ್ದರು. ಮಗು 2 ಕೆಜಿ ಚಿಲ್ಲರೆ ಇತ್ತು. ಈಗ ಬೀದಿಯಲ್ಲಿ ಅವನನ್ನ ಹಿಡಿಯೋರಿಲ್ಲ.

ಬೆಣ್ಣೆದೋಸೆ ಫ್ಯಾನ್
ದಿನಾ ನಾಲ್ಕು ಮೊಟ್ಟೆ, ಖರ್ಜೂರ, ಅಂಜೂರ, ರಾತ್ರಿ ಕೇಸರಿ ಹಾಲು. ಒಂದೇ ವಾರದಲ್ಲಿ ಅರ್ಧ ಕೆಜಿ ಏರುತ್ತೆ. ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇವೆ.

ಹೊಳಲ್ಕೆರೆ ಸಿಸ್ಟರ್
ದೋಸೆ ಅಣ್ಣ, 32 ವಾರದಲ್ಲಿ ಚೆನ್ನಾಗಿ ಬೆಳೆಯುತ್ತಿರೋ ಮಗುವೇ ವಾರಕ್ಕೆ 200 ಗ್ರಾಂ ಆಸುಪಾಸು ಏರುತ್ತೆ. ಅರ್ಧ ಕೆಜಿ ಏರಿತು ಅಂದರೆ ಅದು ಸ್ಕ್ಯಾನ್ ಅಳತೆಯ ವ್ಯತ್ಯಾಸ. ಸ್ಕ್ಯಾನ್ ತೂಕ ಅಂದಾಜು ಮಾತ್ರ, ನೂರಕ್ಕೆ ಹತ್ತು ಹದಿನೈದು ಆಚೀಚೆ ಆಗೋದು ಮಾಮೂಲು. ಅದಕ್ಕೇ ಎರಡು ಗ್ರೋತ್ ಸ್ಕ್ಯಾನ್ ನಡುವೆ ಎರಡು ವಾರವಾದರೂ ಬಿಡಿ ಅಂತಾರೆ.

ತಂಗಿ, ಈಗ ನಿನ್ನ ವಿಷಯ. ನಾನು ಹೆರಿಗೆ ವಾರ್ಡಿನಲ್ಲೇ ನರ್ಸ್ ಆಗಿದ್ದು ರಿಟೈರ್ ಆದವಳು. ತೂಕಕ್ಕಿಂತ ಮೊದಲು ತಾರೀಕು ನೋಡಬೇಕು. ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಆಗಿದೆಯಾ? ಆಗ ಲೆಕ್ಕ ಹಾಕಿದ ವಾರವೇ ಕೊನೇ ತನಕ ನಡೆಯಬೇಕು. ನಮ್ಮ ಕಡೆ ಎಷ್ಟೋ ಜನ ಕೊನೇ ಮುಟ್ಟು ಯಾವಾಗ ಅಂದರೆ 'ಯುಗಾದಿ ಆದ ಮೇಲೆ' ಅಂತಾರೆ. ಯುಗಾದಿ ಆಗಿ ಮೂರು ದಿನಕ್ಕೋ ಮೂರು ವಾರಕ್ಕೋ ದೇವರಿಗೇ ಗೊತ್ತು. ತಾರೀಕೇ ತಪ್ಪಿದ್ದರೆ ಸರಿಯಾಗಿರೋ ಮಗುವೂ ಸಣ್ಣದಾಗಿ ಕಾಣುತ್ತೆ. ಇನ್ನು ಕೆಲವು ಕಡೆ ಉಲ್ಟಾ. ಎಂಟನೇ ತಿಂಗಳಲ್ಲಿ ಮಗು ಸಣ್ಣದಿದೆ ಅಂತ ಡ್ಯೂ ಡೇಟನ್ನೇ ಮುಂದಕ್ಕೆ ಹಾಕಿಬಿಡ್ತಾರೆ. ಆಗ ನಿಜವಾದ ತೊಂದರೆ ಮುಚ್ಚಿಹೋಗುತ್ತೆ.

ಜಗಳೂರು ಸೊಸೆ
ಅಕ್ಕ, ಎರಡೂವರೆ ತಿಂಗಳಿಗೇ ಸ್ಕ್ಯಾನ್ ಆಗಿದೆ. ತಾರೀಕು ಅದರ ಪ್ರಕಾರವೇ ಇದೆ. ಮುಟ್ಟಿನ ಲೆಕ್ಕಕ್ಕೂ ಸರಿ ಹೋಗುತ್ತೆ.

ಹೊಳಲ್ಕೆರೆ ಸಿಸ್ಟರ್
ಹಾಗಾದರೆ ತಾರೀಕು ಗಟ್ಟಿ. 4ನೇ ಪರ್ಸೆಂಟೈಲ್ ಅಂದರೆ ಅದೇ ವಾರದ ನೂರು ಮಕ್ಕಳಲ್ಲಿ ತೊಂಬತ್ತಾರು ನಿನ್ನ ಮಗುಗಿಂತ ತೂಕ ಇರ್ತವೆ ಅಂತ. 10ಕ್ಕಿಂತ ಕೆಳಗೆ ಬಂದರೆ ಸಣ್ಣ ಮಗು. 3ಕ್ಕಿಂತ ಕೆಳಗೆ ಬಂದರೆ ಡಾಕ್ಟರು ಜಾಸ್ತಿ ಎಚ್ಚರ ವಹಿಸ್ತಾರೆ. ಆದರೆ 10ಕ್ಕಿಂತ ಕೆಳಗಿರೋದೆಲ್ಲ ಕಾಯಿಲೆ ಅಲ್ಲ. ಅಪ್ಪ ಅಮ್ಮ ಸಣ್ಣಗಿದ್ದರೆ ಮಗುವೂ ಸಣ್ಣಗಿರಬಹುದು, ಅದರ ಗೆರೆ ಹಿಡಿದು ಅದು ಬೆಳೆಯುತ್ತಾ ಹೋಗುತ್ತೆ. ತೊಂದರೆ ಇರೋದು ಗೆರೆ ಬಿಟ್ಟು ಕೆಳಗೆ ಜಾರೋ ಮಗುವಿಗೆ. ತಲೆ ಸರಿಯಿದ್ದು ಹೊಟ್ಟೆ ಸುತ್ತಳತೆ ಮಾತ್ರ ಕಡಿಮೆ ಅಂದರೆ ಮಗು ಇರೋ ರಕ್ತವನ್ನ ಮೊದಲು ಮೆದುಳಿಗೆ ಕೊಟ್ಟುಕೊಳ್ತಾ ಇರಬಹುದು. ಲಿವರಿನಲ್ಲಿ ಕೂಡಿಡೋದಕ್ಕೆ ಏನೂ ಉಳಿಯಲ್ಲ, ಅದಕ್ಕೇ ಹೊಟ್ಟೆ ಸಣ್ಣದು.

ಇನ್ನು ಊಟ. ನಿಮ್ಮತ್ತೆಗೆ ಹೀಗೆ ಹೇಳು. ಭದ್ರಾ ಡ್ಯಾಂ ತುಂಬಿದ್ದರೂ ನಾಲೆ ಕೊನೇ ಭಾಗದ ಹೊಲಕ್ಕೆ ನೀರು ಬರಲ್ಲ ಅಲ್ವಾ? ನಡುವೆ ನಾಲೆ ಸರಿ ಇಲ್ಲ. ಇಲ್ಲಿ ನಾಲೆ ಅಂದರೆ ಮಾಸು. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ರಕ್ತನಾಳಗಳನ್ನ ಅಗಲ ಮಾಡಿಕೊಳ್ಳಬೇಕು. ಅದು ಸರಿಯಾಗಿ ಆಗದಿದ್ದರೆ ತಾಯಿ ಎಷ್ಟು ಉಂಡರೂ ಮಗುವಿಗೆ ತಲುಪೋದು ಕಡಿಮೆ. ಬಿಪಿ ಏರೋದೂ ಎಷ್ಟೋ ಸಲ ಇದೇ ಕಾರಣಕ್ಕೆ. ಊಟ ಬೇಡ ಅಂತಲ್ಲ. ತೀರಾ ಸೊರಗಿದ ತಾಯಂದಿರಿಗೆ ಊಟದಿಂದ ನಿಜವಾಗಲೂ ವ್ಯತ್ಯಾಸ ಆಗುತ್ತೆ. ಆದರೆ ಮೂರು ಹೊತ್ತು ಉಣ್ಣೋ ಹುಡುಗಿಯನ್ನ ಗುಮಾನಿಯಿಂದ ನೋಡೋದು ಬೇಡ.

ಹಿಮೋಗ್ಲೋಬಿನ್ 9.4 ಕಡಿಮೆಯೇ. ಬಸುರಿಯರಿಗೆ 11 ಇರಬೇಕು. ಕಬ್ಬಿಣದ ಮಾತ್ರೆ ತಗೋತಾ ಇದ್ದೀಯಾ, ಅಥವಾ ತಲೆದಿಂಬಿನ ಕೆಳಗಿದೆಯಾ?

ಜಗಳೂರು ಸೊಸೆ
ತಗೋತೀನಿ ಅಕ್ಕ, ದಿನಾ ಅಲ್ಲ. ಹೊಟ್ಟೆ ತೊಳಸುತ್ತೆ. ಮಗು ಕಪ್ಪಾಗುತ್ತೆ ಅಂತ ಪಕ್ಕದ ಮನೆ ಅಜ್ಜಿ ಬೇರೆ ಹೇಳ್ತಾರೆ.

ಆಶಾ ಅಕ್ಕ, ಚಿತ್ರದುರ್ಗ
ಈ ಮಾತು ಕೇಳಿ ಕೇಳಿ ನನ್ನ ತಲೆ ಕೂದಲು ಬೆಳ್ಳಗಾಯಿತು. ಕಪ್ಪಾಗೋದು ನಿಮ್ಮ ಮಲ, ಮಗು ಅಲ್ಲ. ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಜೊತೆಯೂ ಬೇಡ, ಅದನ್ನ ಬೆಳಗ್ಗೆಗೆ ಇಟ್ಟುಕೊಳ್ಳಿ. ಆಗಲೂ ಸೇರದಿದ್ದರೆ ಡಾಕ್ಟರಿಗೆ ಹೇಳಿ, ಕಬ್ಬಿಣದಂಶ ಡ್ರಿಪ್‌ನಲ್ಲೂ ಕೊಡ್ತಾರೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ, ಮೊಟ್ಟೆ ಕೊಡ್ತಾರೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣೋ ಸೊಸೆಯಂದಿರಿಗೆ ಅಲ್ಲಾದರೂ ಬಿಸಿ ಊಟ ಸಿಗುತ್ತೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತೆ, 2016ರಿಂದ ನಡೀತಿದೆ, ದುಡ್ಡಿಲ್ಲ. ಹೋಗುವಾಗ ತಾಯಿ ಕಾರ್ಡ್ ಮರೀಬೇಡಿ.

ಭಟ್ಟಿ ಲೇಔಟ್ ಹುಡುಗ
ನಡುವೆ ಕೇಳ್ತಿದ್ದೀನಿ, ಬೇಜಾರಾಗಬೇಡಿ. ನಾವು ದಾವಣಗೆರೆ ಮಂಡಕ್ಕಿ ಭಟ್ಟಿ ಕಡೆಯವರು. ನನ್ನ ಹೆಂಡತಿಗೆ ಐದು ತಿಂಗಳು. ಭಟ್ಟಿಯಲ್ಲೇ ಕೆಲಸ ಮಾಡ್ತಾಳೆ. ಹೊಗೆಯಿಂದ ಮಗು ಸಣ್ಣದಾಗುತ್ತಾ?

ಹೊಳಲ್ಕೆರೆ ಸಿಸ್ಟರ್
ಹೊಗೆಗೂ ಕಡಿಮೆ ತೂಕದ ಮಕ್ಕಳಿಗೂ ಸಂಬಂಧ ಇದೆ. ಸೌದೆ ಒಲೆ ಹೊಗೆಯಾದರೂ ಅಷ್ಟೇ, ಬೀಡಿ ಸಿಗರೇಟು ಆದರೂ ಅಷ್ಟೇ. ಆಗೋದಾದರೆ ಒಲೆ ಮುಂದೆ ಕೂರೋ ಕೆಲಸ ಬಿಡಿಸಿ. ಚೀಲ ತುಂಬೋದು, ಹೊಲಿಯೋದು ಹೊರಗೆ ಗಾಳಿಯಲ್ಲಿ ಮಾಡಲಿ. ಭಾರ ಎತ್ತೋದು ಬೇಡ. ನೀವು ಬೀಡಿ ಸೇದೋದಾದರೆ ಮನೆಯೊಳಗೆ ಸೇದಬೇಡಿ.

ಚನ್ನಗಿರಿ ತೋಟ
ಎಲೆ ಅಡಿಕೆ ಪರವಾಗಿಲ್ವಾ? ನಮ್ಮ ಕಡೆ ಬಸುರಿಯರು ಬಾಯಿ ರುಚಿಗೆ ಹಾಕ್ಕೊಳ್ತಾರೆ.

ಹೊಳಲ್ಕೆರೆ ಸಿಸ್ಟರ್
ಹೊಗೆಸೊಪ್ಪು, ಕಡ್ಡಿಪುಡಿ ಖಂಡಿತ ಬೇಡ. ಅಗಿದರೂ ನಿಕೋಟಿನ್ ರಕ್ತಕ್ಕೆ ಹೋಗೇ ಹೋಗುತ್ತೆ. ಬರೀ ಅಡಿಕೆಯೂ ಒಳ್ಳೇದಲ್ಲ. ಅಡಿಕೆ ನಾಡಿನವರಿಗೆ ಹೀಗೆ ಹೇಳಿದರೆ ಕೋಪ ಬರುತ್ತೆ, ಆದರೂ ಹೇಳಿದೆ.

ಮೆಡಿಕಲ್ ಸ್ಟೋರ್ ಅಣ್ಣ
ಇಂಥ ಕೇಸಿಗೆಲ್ಲ ಅರ್ಜಿನೈನ್ ಸ್ಯಾಶೆ ಬರೆದುಕೊಡ್ತಾರೆ, ದಿನಾ ನೀರಿಗೆ ಹಾಕಿ ಕುಡಿಯೋದು. ಪ್ರೋಟೀನ್ ಪೌಡರೂ ಜೊತೆಗೆ. ನನ್ನ ಅಂಗಡಿಯಲ್ಲಿ ಚೆನ್ನಾಗಿ ಹೋಗುತ್ತೆ. ಕೆಲಸ ಮಾಡುತ್ತಾ ಅಂತ ನನಗೇ ಅನುಮಾನ.

ಪ್ರಸೂತಿ ಡಾಕ್ಟರ್, ದಾವಣಗೆರೆ
ಅಂಗಡಿಯವರೇ ಅನುಮಾನ ಪಟ್ಟಿದ್ದು ನೋಡಿ ಖುಷಿಯಾಯಿತು. ಅರ್ಜಿನೈನ್ ಬಗ್ಗೆ ಸಣ್ಣ ಸಣ್ಣ ಅಧ್ಯಯನಗಳಿವೆ, ಗಟ್ಟಿ ಪುರಾವೆ ಇಲ್ಲ. ಬರೆದುಕೊಟ್ಟಿದ್ದರೆ ಕುಡಿಯಿರಿ, ಆದರೆ ಅದನ್ನೇ ನಂಬಿ ಡಾಪ್ಲರ್ (ರಕ್ತ ಹರಿವು ನೋಡೋ ಸ್ಕ್ಯಾನ್) ತಪ್ಪಿಸಬೇಡಿ. ಕೆಟ್ಟ ಮಾಸನ್ನ ಸರಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಸಿಲ್ಡೆನಾಫಿಲ್ ಮಾತ್ರೆ ರಕ್ತ ಹರಿವು ಹೆಚ್ಚಿಸುತ್ತೆ ಅಂತ ಆಸೆ ಇತ್ತು. ನೆದರ್ಲೆಂಡ್ಸ್‌ನಲ್ಲಿ ಅದನ್ನ ಪ್ರಯೋಗ ಮಾಡುವಾಗ ಹುಟ್ಟಿದ ಮಕ್ಕಳಿಗೆ ಶ್ವಾಸಕೋಶದ ತೊಂದರೆ ಕಂಡುಬಂದು, ಸಾವುಗಳಾಗಿ, 2018ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಯಾರಾದರೂ ಆ ಮಾತ್ರೆ ಹೇಳಿದರೆ ಕೇಳಬೇಡಿ. ಇಡೀ ದಿನ ಮಲಗಿಕೊಂಡೇ ಇರೋದರಿಂದಲೂ ಮಗು ಬೆಳೆಯಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಆಗುತ್ತೆ, ಅಷ್ಟೇ. ಮನೆಯೊಳಗೆ ಓಡಾಡಿಕೊಂಡಿರಿ, ಮಲಗುವಾಗ ಎಡಮಗ್ಗುಲಿಗೆ ಮಲಗಿ.

ನಮ್ಮ ಕೈಯಲ್ಲಿರೋದು ಒಂದೇ. ಮಗುವನ್ನ ಹೊರಗೆ ತೆಗೆಯೋದು ಯಾವಾಗ ಅಂತ ಸರಿಯಾಗಿ ನಿರ್ಧಾರ ಮಾಡೋದು. ಬೇಗ ತೆಗೆದರೆ ಶ್ವಾಸಕೋಶ ಬಲಿತಿರಲ್ಲ, ತಡ ಮಾಡಿದರೆ ಹೊಟ್ಟೆಯಲ್ಲೇ ಹೋಗಿಬಿಡಬಹುದು. ಡಾಪ್ಲರ್ ಬೇಕಾಗೋದು ಅದಕ್ಕೆ. ಹೊಕ್ಕುಳ ಬಳ್ಳಿಯಲ್ಲಿ ಮಗುವಿನ ಹೃದಯ ಬಡಿದಾಗ ರಕ್ತ ಮಾಸಿನ ಕಡೆ ಹೋಗುತ್ತೆ, ಎರಡು ಬಡಿತದ ನಡುವೆಯೂ ಹರಿಯುತ್ತಿರಬೇಕು. ಮಾಸು ಕೆಟ್ಟ ಹಾಗೆಲ್ಲ ನಡುವಿನ ಹರಿವು ಕಡಿಮೆ ಆಗುತ್ತೆ. ರಿಪೋರ್ಟ್‌ನಲ್ಲಿ ಪಿಐ ಅನ್ನೋ ಸಂಖ್ಯೆ ಏರೋದು ಅಂದರೆ ಅದೇ. ಆಮೇಲೆ ಪೂರ್ತಿ ನಿಲ್ಲುತ್ತೆ. ಇನ್ನೂ ಕೆಟ್ಟರೆ ಹಿಂದಕ್ಕೆ ಹರಿಯುತ್ತೆ. ಹರಿವು ಇದ್ದು ಪಿಐ ಮಾತ್ರ ಹೆಚ್ಚಿದ್ದರೆ ಸಾಮಾನ್ಯವಾಗಿ 37 ವಾರದವರೆಗೆ ಕಾಯಬಹುದು. ನಿಂತಿದ್ದರೆ 33-34 ವಾರಕ್ಕೆ ಹೆರಿಗೆ. ಹಿಂದಕ್ಕೆ ಹರಿದರೆ 30-32 ವಾರಕ್ಕೇ. ಡಾಪ್ಲರ್ ಎಲ್ಲ ಸರಿಯಿದ್ದು ಬರೀ ತೂಕ 3ರಿಂದ 10ನೇ ಪರ್ಸೆಂಟೈಲ್ ನಡುವೆ ಇದ್ದರೆ 38-39 ವಾರದವರೆಗೂ ಬಿಡ್ತೇವೆ. ತಾಯಿಯ ಬಿಪಿ, ಮಗುವಿನ ಹೃದಯ ಬಡಿತ ನೋಡಿ ಈ ಲೆಕ್ಕ ಬದಲಾಗುತ್ತೆ, ಹಾಗಾಗಿ ನಿಮ್ಮ ಡಾಕ್ಟರ ಮಾತೇ ಕೊನೆ.

ಕೋಟೆ ಮೇಷ್ಟ್ರು, ದುರ್ಗ
ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ, ಅದಕ್ಕೇ ನಮ್ಮ ಅಣ್ಣನ ಮನೆಯವರು ಎಂಟರಲ್ಲಿ ಆಪರೇಷನ್ ಬೇಡವೇ ಬೇಡ ಅಂತ ಹಟ ಹಿಡಿದಿದ್ದರು.

ಪ್ರಸೂತಿ ಡಾಕ್ಟರ್, ದಾವಣಗೆರೆ
ಮೇಷ್ಟ್ರೇ, ಶುದ್ಧ ಸುಳ್ಳು. ಒಂದೊಂದು ವಾರ ಹೆಚ್ಚಿದಷ್ಟೂ ಮಗು ಉಳಿಯೋ ಸಾಧ್ಯತೆ ಹೆಚ್ಚುತ್ತೆ. ಈ ಒಂದು ಮಾತಿಗೆ ಸಹಿ ಹಾಕದೆ ಎರಡು ದಿನ ಕಳೆದ ಮನೆಗಳನ್ನ ನೋಡಿದ್ದೇನೆ.

ಹೊಳಲ್ಕೆರೆ ಸಿಸ್ಟರ್
ತವರಿನ ಪ್ರಶ್ನೆ ಹಾಗೇ ಉಳಿಯಿತು. ತಂಗಿ, ಈಗ ಹೋಗಬೇಡ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದು ಸಂಪ್ರದಾಯ, ಸರಿ. ಆದರೆ ಇಂಥ ಮಗು ಹುಟ್ಟಬೇಕಾದದ್ದು ಮಕ್ಕಳ ಐಸಿಯು ಇರೋ ಕಟ್ಟಡದಲ್ಲೇ. ಹಳ್ಳಿಯಲ್ಲಿ ಹೆರಿಗೆ ಆಗಿ, ಒಂದೂಮುಕ್ಕಾಲು ಕೆಜಿ ಮಗುವನ್ನ ಬಟ್ಟೆಯಲ್ಲಿ ಸುತ್ತಿಕೊಂಡು ರಾತ್ರಿ ಹೊತ್ತು ಜಿಲ್ಲಾಸ್ಪತ್ರೆಗೆ ಬಂದವರನ್ನ ನಾನೇ ಬಾಗಿಲಲ್ಲಿ ಎದುರುಗೊಂಡಿದ್ದೇನೆ. ಮಗುವಿನ ಪಾದ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಸಕ್ಕರೆ ನೋಡಿದರೆ ಪಾತಾಳಕ್ಕೆ ಇಳಿದಿರುತ್ತೆ. ಅದೇ ಮಗು ತಾಯಿ ಹೊಟ್ಟೆಯಲ್ಲೇ ಬಂದಿದ್ದರೆ ಬೆಚ್ಚಗೆ ಬರುತ್ತಿತ್ತು. ನಿಮ್ಮ ತಾಯಿಯೇ ಜಗಳೂರಿಗೆ ಬಂದು ಇರಲಿ. ಎರಡು ಜಿಲ್ಲೆಯ ಜಿಲ್ಲಾಸ್ಪತ್ರೆಗಳಲ್ಲೂ ಎಸ್‌ಎನ್‌ಸಿಯು, ಅಂದರೆ ನವಜಾತ ಮಕ್ಕಳ ವಿಶೇಷ ಆರೈಕೆ ಘಟಕ ಇದೆ, ನಿಮಗೆ ದಾವಣಗೆರೆಯೋ ದುರ್ಗವೋ ಯಾವುದು ಅನುಕೂಲ ಈಗಲೇ ತೀರ್ಮಾನ ಮಾಡಿಕೊಳ್ಳಿ.

ಇನ್ನೊಂದು. ಬಿಪಿ 130/84 ಅಂದೆ. ವಾರಕ್ಕೊಮ್ಮೆಯಾದರೂ ನೋಡಿಸು. 140/90 ದಾಟಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಎದೆಗುಂಡಿಗೆ ಕೆಳಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬಾರದು.

ಜಗಳೂರು ಸೊಸೆ
ಮಗು ಆಡೋದನ್ನ ಹೇಗೆ ಲೆಕ್ಕ ಇಡೋದು ಅಕ್ಕ? ಕೆಲಸದಲ್ಲಿ ಗೊತ್ತೇ ಆಗಲ್ಲ.

ಹೊಳಲ್ಕೆರೆ ಸಿಸ್ಟರ್
ದಿನಾ ಒಂದೇ ಹೊತ್ತು ಇಟ್ಟುಕೋ, ಊಟ ಆದ ಮೇಲೆ ಆದರೆ ಒಳ್ಳೇದು. ಎಡಕ್ಕೆ ಮಲಗಿ ಕೈ ಹೊಟ್ಟೆ ಮೇಲಿಡು, ಮೊಬೈಲ್ ಪಕ್ಕಕ್ಕಿಡು. ಒದ್ದರೂ ಸರಿ, ಹೊರಳಿದರೂ ಸರಿ, ಎಲ್ಲ ಲೆಕ್ಕಕ್ಕೆ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಆಸ್ಪತ್ರೆಗೆ ಹೊರಡು. ನಿನ್ನ ಮಗುವಿನ ಎಂದಿನ ಆಟಕ್ಕಿಂತ ಕಡಿಮೆ ಅನ್ನಿಸಿದರೆ ಹತ್ತು ಎಣಿಸ್ತಾ ಕೂರೋದೂ ಬೇಡ.

ಜಗಳೂರು ಸೊಸೆ
ಎಲ್ಲರಿಗೂ ಅಪ್ಡೇಟ್. 34 ವಾರದ ಸ್ಕ್ಯಾನ್ ಆಯಿತು. 1,760 ಗ್ರಾಂ, ಈಗ 3ನೇ ಪರ್ಸೆಂಟೈಲ್‌ಗಿಂತ ಕೆಳಗೆ. ಪಿಐ ಹೆಚ್ಚಿದೆ, ಆದರೆ ಹರಿವು ಇದೆ. ಬಿಪಿ 146/94 ಬಂತು, ಮೂತ್ರದಲ್ಲಿ ಪ್ರೋಟೀನ್ ಇದೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಬಿಪಿಗೆ ಮಾತ್ರೆ ಶುರು ಮಾಡಿದರು. ಶ್ವಾಸಕೋಶ ಬಲಿಯಲಿ ಅಂತ ಇಂಜೆಕ್ಷನ್ ಕೊಡ್ತಾ ಇದ್ದಾರೆ. ಅದು ಮಗುವಿಗೆ ಏನೂ ಮಾಡಲ್ಲ ತಾನೇ? ಅತ್ತೆ ಸ್ಟೀರಾಯ್ಡ್ ಅಂದ ತಕ್ಷಣ ಗಾಬರಿ ಆದರು.

ಪ್ರಸೂತಿ ಡಾಕ್ಟರ್, ದಾವಣಗೆರೆ
ಗಾಬರಿ ಬೇಡ. ಡೆಕ್ಸಾಮೆಥಸೋನ್ ಆದರೆ 12 ಗಂಟೆಗೊಮ್ಮೆ ನಾಲ್ಕು ಡೋಸ್, ಬೀಟಾಮೆಥಸೋನ್ ಆದರೆ ದಿನಕ್ಕೊಂದರಂತೆ ಎರಡು. ಅವಧಿಗೆ ಮೊದಲೇ ಹುಟ್ಟೋ ಮಕ್ಕಳಿಗೆ ಉಸಿರಾಟದ ತೊಂದರೆ ಇದರಿಂದ ಕಡಿಮೆ ಆಗುತ್ತೆ. ಎಷ್ಟೋ ವರ್ಷದಿಂದ ಕೊಡ್ತಾ ಇರೋದು. ಇನ್ನು ವಾರಕ್ಕೆ ಎರಡು ಸಲ ಎನ್‌ಎಸ್‌ಟಿ (ಮಗುವಿನ ಹೃದಯ ಬಡಿತ ಕಾಗದದ ಮೇಲೆ ದಾಖಲಿಸೋ ಪರೀಕ್ಷೆ), ವಾರಕ್ಕೊಮ್ಮೆ ಡಾಪ್ಲರ್ ಮಾಡಬಹುದು. ಹೆಚ್ಚೆಂದರೆ 37 ವಾರ, ಅದರಾಚೆ ಕಾಯಲ್ಲ.

ಬೆಣ್ಣೆದೋಸೆ ಫ್ಯಾನ್
ಆರಾಮಾಗಿ ಹೆರಿಗೆ ಆಗಲಿ ತಂಗಿ. ದುರ್ಗಾಂಬಿಕೆ ಕಾಪಾಡಲಿ. ಮೊಟ್ಟೆ ಮಾತ್ರ ಬಿಡಬೇಡ.

ಜಗಳೂರು ಸೊಸೆ
ಹೆಣ್ಣು ಮಗು! 36 ವಾರ ಆಗಿತ್ತು. ಬೆಳಗ್ಗೆ ತಿಂಡಿ ಆದ ಮೇಲೆ ಆಟ ಕಡಿಮೆ ಅನ್ನಿಸಿತು, ವಾರ್ಡಿನ ಸಿಸ್ಟರ್‌ಗೆ ಹೇಳಿದೆ, ಎನ್‌ಎಸ್‌ಟಿ ಹಾಕಿದರು. ಪಟ್ಟಿ ಕಾಗದದಲ್ಲಿ ಗೆರೆ ಪದೇ ಪದೇ ಕೆಳಗೆ ಬೀಳುತ್ತಿತ್ತು. ಮಧ್ಯಾಹ್ನದೊಳಗೆ ಸಿಸೇರಿಯನ್ ಆಯಿತು. ತೂಕ 1,920 ಗ್ರಾಂ. ಹುಟ್ಟಿದ ಕೂಡಲೇ ಅತ್ತಳು. ಸಕ್ಕರೆ ಕಡಿಮೆ ಇತ್ತು, ಎಸ್‌ಎನ್‌ಸಿಯುನಲ್ಲಿ ಇಟ್ಟುಕೊಂಡಿದ್ದಾರೆ. ಮಾಸು ತೀರಾ ಸಣ್ಣದಿತ್ತು, ಅಲ್ಲಲ್ಲಿ ಬಿಳಿ ಗಂಟು ಇತ್ತು ಅಂತ ಡಾಕ್ಟರು ಹೇಳಿದರು. ಅತ್ತೆ ಇನ್ನೂ ಊಟದ ವಿಷಯ ಬಿಟ್ಟಿಲ್ಲ.

ಆಶಾ ಅಕ್ಕ, ಚಿತ್ರದುರ್ಗ
ಲಕ್ಷ್ಮಿ ಬಂದಳು! ಈಗ ಹಾಲು ಹಿಂಡಿ ಕೊಡ್ತಾ ಇದ್ದೀರಾ? ಸಣ್ಣ ಮಕ್ಕಳಿಗೆ ಚೀಪೋ ಶಕ್ತಿ ಬೇಗ ಮುಗಿದುಹೋಗುತ್ತೆ. ಎರಡು ಗಂಟೆಗೊಮ್ಮೆ ಒಳಲೆಯಲ್ಲಿ ಕೊಡಿ. ಬಾಟಲಿ ಬೇಡ. ಒಳಲೆಯ ಮೂತಿ ತುಟಿಯ ಅಂಚಿಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ್ದು ನೋಡಿ ಮುಂದಿನದು. ಒಮ್ಮೆಲೇ ಸುರಿದರೆ ಶ್ವಾಸಕ್ಕೆ ಹೋಗುತ್ತೆ. ಪ್ರತಿ ಸಲ ಕುದಿಯೋ ನೀರಲ್ಲಿ ಹಾಕಿ ತೆಗೀರಿ.

ಹೊಳಲ್ಕೆರೆ ಸಿಸ್ಟರ್
ಕಾಂಗರೂ ಆರೈಕೆ ಶುರು ಮಾಡಿಸಿ. ಬರೀ ಮೈಗೆ ಬರೀ ಮೈ. ಮಗುವಿಗೆ ಟೋಪಿ, ಸಾಕ್ಸ್, ಡೈಪರ್ ಬಿಟ್ಟು ಏನೂ ಇರಬಾರದು. 1978ರಲ್ಲಿ ಕೊಲಂಬಿಯಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ್ದು ಇದು. ಈಗ ಇನ್‌ಕ್ಯುಬೇಟರ್ ಇದ್ದರೂ ಇದೇ ಮೇಲು ಅಂತಾರೆ. ನಿನಗೆ ಹೊಲಿಗೆ ನೋವಿದ್ದರೆ ಗಂಡ ಹಾಕಿಕೊಳ್ಳಲಿ. ನಿಮ್ಮತ್ತೆಗೂ ಹೇಳಬಹುದು, ಎದೆಗೆ ಮಗು ಕಟ್ಟಿಕೊಂಡರೆ ಬಾಯಿ ಸ್ವಲ್ಪ ಬಿಡುವು ಕೊಡುತ್ತೆ.

ಡಿಸ್ಚಾರ್ಜ್ ಆಗುವಾಗ ಕಣ್ಣಿನ ಪರೀಕ್ಷೆ ತಾರೀಕು ಬರೆಸಿಕೋ. 2 ಕೆಜಿಗಿಂತ ಕಡಿಮೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಹಿಂಪರದೆ ನೋಡಿಸಬೇಕು, ಒಂದು ತಿಂಗಳೊಳಗೆ. ಇದನ್ನ ತುಂಬಾ ಜನ ಮರೀತಾರೆ.

ಕೋಟೆ ಮೇಷ್ಟ್ರು, ದುರ್ಗ
ಅಭಿನಂದನೆ ಮಗಳೇ. ಡಾಕ್ಟರ್ ಮೇಡಂ, ಹೀಗೆ ಹುಟ್ಟಿದ ಮಕ್ಕಳಿಗೆ ದೊಡ್ಡವರಾದ ಮೇಲೆ ಶುಗರ್ ಬರುತ್ತೆ ಅಂತ ಎಲ್ಲೋ ಓದಿದೆ, ಹೌದಾ?

ಪ್ರಸೂತಿ ಡಾಕ್ಟರ್, ದಾವಣಗೆರೆ
ಸಂಬಂಧ ಇದೆ, ಹೃದಯದ ಕಾಯಿಲೆಗೂ ಇದೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹಳೇ ಹೆರಿಗೆ ದಾಖಲೆಗಳನ್ನ ಜೋಪಾನವಾಗಿ ಇಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನ ಹುಡುಕಿ ಪರೀಕ್ಷೆ ಮಾಡಿದಾಗ ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. ಹಾಗಂತ ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಸಣ್ಣ ಮಗುವನ್ನ ಬೇಗ ದಪ್ಪ ಮಾಡಬೇಕು ಅಂತ ಸಕ್ಕರೆ, ಡಬ್ಬಿ ಪುಡಿ ತುರುಕಬೇಡಿ. ಆರು ತಿಂಗಳು ತಾಯಿ ಹಾಲು ಸಾಕು. ಸಣ್ಣ ಮಕ್ಕಳಿಗೆ ಕಬ್ಬಿಣದ ಡ್ರಾಪ್ಸ್, ವಿಟಮಿನ್ ಡಿ ಬೇಕಾಗುತ್ತೆ, ಮಕ್ಕಳ ಡಾಕ್ಟರು ಬರೆದುಕೊಡ್ತಾರೆ.

ಸೊಸೆಯವರೇ, ಮುಂದಿನ ಬಸುರಿಗೆ ಈ ಫೈಲ್ ಬೇಕು, ಎಸೆಯಬೇಡಿ. ಆಗ ಮೂರು ತಿಂಗಳಿಗೇ ತೋರಿಸಿದರೆ, 16 ವಾರದೊಳಗೆ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಬಹುದು. ಬಿಪಿ, ಮಾಸಿನ ತೊಂದರೆ ಎರಡೂ ಮರುಕಳಿಸೋ ಸಾಧ್ಯತೆ ಅದರಿಂದ ಕಡಿಮೆ ಆಗುತ್ತೆ. ಈಗಲೂ ನಿಮ್ಮ ಬಿಪಿ ನೋಡಿಸ್ತಾ ಇರಿ, ಹೆರಿಗೆ ಆದ ತಕ್ಷಣ ಇಳಿಯುತ್ತೆ ಅಂತೇನಿಲ್ಲ.

ಜಗಳೂರು ಸೊಸೆ
ಮನೆಗೆ ಬಂದೆವು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಹೊಸ ಗಲಾಟೆ. ನಾಳೆಯಿಂದ ಮಗುವಿಗೆ ಎಣ್ಣೆ ತಿಕ್ಕಿ ಬಿಸಿ ನೀರು ಹಾಕಿ ಲೋಬಾನದ ಹೊಗೆ ಕೊಡಬೇಕು ಅಂತ ಅಜ್ಜಿ ಕೂತಿದ್ದಾರೆ.

ಹೊಳಲ್ಕೆರೆ ಸಿಸ್ಟರ್
ನೀರು ಈಗಲೇ ಬೇಡ, ಎರಡೂವರೆ ಕೆಜಿ ಹತ್ತಿರ ಬರಲಿ. ಅಲ್ಲಿಯವರೆಗೆ ಬೆಚ್ಚನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೆತ್ತಗೆ ಎಣ್ಣೆ ಹಚ್ಚೋದಾದರೆ ಸರಿ, ಕೊಬ್ಬರಿ ಎಣ್ಣೆ ಆಗುತ್ತೆ, ಮೂಗಿಗೆ ಕಿವಿಗೆ ಬಿಡಬಾರದು. ಹೊಗೆ ಮಾತ್ರ ಬೇಡ, ಅಜ್ಜಿ ಎಷ್ಟು ಬೈದರೂ ಬೇಡ. ಹೊಕ್ಕುಳಿಗೂ ಏನೂ ಹಚ್ಚಬೇಡಿ. ನಾಳೆ ತೂಕ ಹಾಕಿಸಿದರೆ ಎಷ್ಟು ಬಂತು ಅಂತ ಇಲ್ಲೇ ಬರಿ.